ಕೇಳಿಸದಿದ್ದರೂ ‘ಹೂಂ’

ಹೋದ ತಿಂಗಳು ಒಂದು ಸಂಜೆ ನನ್ನ ಗಂಡ ರುದ್ರೇಶ್ ಫೋನ್‌ನಲ್ಲಿ ಮಗಳ ಜೊತೆ ಮಾತಾಡುತ್ತಿದ್ದರು. ‘ಹೂಂ... ಹೌದಾ?... ಒಳ್ಳೇದಾಯ್ತು ಬಿಡು... ಊಟ ಸರಿಯಾಗಿ ಮಾಡು.’ ಪಕ್ಕದಲ್ಲೇ ನಾನು ಅವರೆಕಾಯಿ ಸುಲಿಯುತ್ತಿದ್ದೆ. ನನ್ನ ಫೋನ್‌ಗೆ ಒಂದು ಮೆಸೇಜ್ ಬಂತು. ಮಗಳದ್ದೇ. ‘ಅಮ್ಮಾ, ಕಾಲ್ ಕಟ್ ಆಯ್ತು. ಹಾಸ್ಟೆಲ್‌ನಲ್ಲಿ ನೆಟ್‌ವರ್ಕ್ ಸರಿಯಿಲ್ಲ. ಅಪ್ಪಂಗೆ ಹೇಳ್ಬಿಡು.’

ತಲೆ ಎತ್ತಿ ನೋಡಿದೆ. ರುದ್ರೇಶ್ ಇನ್ನೂ ಮಾತಾಡುತ್ತಲೇ ಇದ್ದರು.

‘ಆಯ್ತಮ್ಮ, ಹಂಗೇ ಮಾಡು’ ಎಂದು ನಕ್ಕರು ಕೂಡ. ಆ ಕಡೆ ಯಾರೂ ಇರಲಿಲ್ಲ.

ಅವರು ಫೋನ್ ಇಟ್ಟ ಮೇಲೆ ಕೇಳಿದೆ. ‘ಏನಂದ್ಲು?’

‘ಚೆನ್ನಾಗಿದಾಳಂತೆ.’

ಮೆಸೇಜ್ ತೋರಿಸಿದೆ. ಓದಿದರು. ಆಮೇಲೆ ಮೆಲ್ಲಗೆ ಹೇಳಿದರು. ‘ಎರಡು ವರ್ಷ ಆಯ್ತು ಕಣೇ. ಅವಳ ದನಿ ಬರುತ್ತೆ. ಏನು ಹೇಳ್ತಾಳೆ ಅಂತ ಗೊತ್ತಾಗಲ್ಲ.’

ಎರಡು ವರ್ಷ! ವಾರ ವಾರ ಈ ಅಂಕಣದಲ್ಲಿ ಊರವರ ಕಥೆಯನ್ನೆಲ್ಲ ನಿಮಗೆ ಹೇಳುವ ನನಗೆ, ಒಂದೇ ಸೋಫಾದಲ್ಲಿ ಕೂರುವ ಮನುಷ್ಯನ ಕಿವಿ ಹೋಗುತ್ತಿರುವುದು ತಿಳಿಯಲಿಲ್ಲ. ಟೀವಿ ವಾಲ್ಯೂಮ್ ಏರಿದಾಗ ಬೈದಿದ್ದೆ. ಕರೆದರೆ ತಿರುಗದಿದ್ದಾಗ ಉದಾಸೀನ ಅಂದುಕೊಂಡಿದ್ದೆ. (ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಯಾರಿಗೆ ತಾನೇ ಹಾಗನ್ನಿಸುವುದಿಲ್ಲ?)

ರುದ್ರೇಶ್ ಕೆಲಸ ಮಾಡುವುದು ಪೀಣ್ಯದ ಒಂದು ಪ್ರೆಸ್ ಶಾಪ್‌ನಲ್ಲಿ. ತಗಡಿನ ಹಾಳೆಯನ್ನು ಯಂತ್ರ ಒಂದೇ ಏಟಿಗೆ ಕತ್ತರಿಸಿ ಬಗ್ಗಿಸುತ್ತದೆ. ಆ ಏಟು ದಿನವಿಡೀ ಬೀಳುತ್ತದೆ. ಇಪ್ಪತ್ಮೂರು ವರ್ಷದಿಂದ ಬೀಳುತ್ತಿದೆ.

‘ಫ್ಯಾಕ್ಟರೀಲಿ ವರ್ಷ ವರ್ಷ ಕಿವಿ ಟೆಸ್ಟ್ ಮಾಡ್ತಾರಲ್ಲ?’ ಎಂದೆ.

‘ಟೆಸ್ಟ್ ಮಾಡೋನು ನಮ್ಮ ಮುಂದೇನೇ ಕೂತಿರ್ತಾನೆ. ಶಬ್ದ ಬಿಡೋಕೆ ಅವನ ಕೈ ಮೆಷಿನ್ ಮೇಲೆ ಹೋದಾಗ, ಕೇಳ್ಸಿದಂಗೆ ನಾವು ಬಟನ್ ಒತ್ತೋದು. ಎಲ್ರೂ ಹಂಗೇ ಪಾಸಾಗೋದು.’

‘ಫೇಲ್ ಆದ್ರೆ?’

‘ಲೈನ್‌ನಿಂದ ತೆಗೀತಾರೆ. ಹೋದ ವರ್ಷ ಒಬ್ಬರನ್ನ ಪ್ಯಾಕಿಂಗ್‌ಗೆ ಹಾಕಿದ್ರು. ಆಮೇಲೆ ಗೇಟ್ ಕಾಯೋಕೆ. ಈಗ ಎಲ್ಲಿದಾರೋ ಗೊತ್ತಿಲ್ಲ.’

ಆಸ್ಪತ್ರೆಗೆ ಹೋಗೋಣ ಎಂದೆ. ಸುತರಾಂ ಒಪ್ಪಲಿಲ್ಲ. ರಿಪೋರ್ಟ್ ಹೇಗೋ ಕಂಪನಿಗೆ ತಲುಪುತ್ತದೆ ಎಂಬ ಭಯ.

ಆಗ ನೆನಪಾದವರು ಸುಮಿತ್ರಾ. ಈ ಅಂಕಣದ ಓದುಗರು, ನರವಿಜ್ಞಾನಿ. ಒಳಕಿವಿಯ ಬಗ್ಗೆಯೇ ಅವರ ಸಂಶೋಧನೆ. ‘ನಾವು ಕೇಳುವುದು ಕಿವಿಯಿಂದ’ ಎಂದು ನಾನೊಮ್ಮೆ ಬರೆದದ್ದಕ್ಕೆ, ‘ಇಲ್ಲ ಮೇಡಂ, ಮಿದುಳಿನಿಂದ. ಕಿವಿ ಬರೀ ಸುದ್ದಿ ಮುಟ್ಟಿಸುತ್ತೆ’ ಎಂದು ತಿದ್ದಿ ಪತ್ರ ಬರೆದಿದ್ದರು. ಫೋನ್ ಮಾಡಿದೆ. ‘ಕರ್ಕೊಂಡ್ ಬನ್ನಿ. ನಂದು ಲ್ಯಾಬ್, ಆಸ್ಪತ್ರೆ ಅಲ್ಲ. ಇಲ್ಲಿಂದ ಯಾವ ರಿಪೋರ್ಟೂ ಯಾರಿಗೂ ಹೋಗಲ್ಲ’ ಎಂದರು.

ಶನಿವಾರ ದಾಸರಹಳ್ಳಿಯಿಂದ ಮೆಟ್ರೋ ಹತ್ತಿದೆವು. ದಾರಿಯುದ್ದಕ್ಕೂ ರುದ್ರೇಶ್ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. (ಮಾತಾಡಿದ್ದರೆ ಎಷ್ಟು ಕೇಳಿಸುತ್ತಿತ್ತು?)

ಸುಮಿತ್ರಾ ಮೊದಲು ಕಂಪ್ಯೂಟರ್‌ನಲ್ಲಿ ಒಂದು ಚಿತ್ರ ತೋರಿಸಿದರು. ಇಲಿಯ ಒಳಕಿವಿ. ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಪುಟ್ಟ ಅಂಗ. ಅದರೊಳಗೆ ನಾಲ್ಕು ಸಾಲು ಕೋಶಗಳು, ಪ್ರತಿಯೊಂದರ ತುದಿಯಲ್ಲೂ ಕೂದಲಿನಂಥ ಕುಚ್ಚು. ಶಬ್ದಕ್ಕೆ ಆ ಕುಚ್ಚು ಬಾಗುತ್ತದೆ. ಬಾಗಿದರೆ ಮಿದುಳಿಗೆ ಸುದ್ದಿ.

ಇನ್ನೊಂದು ಚಿತ್ರ ತೆಗೆದರು. ತುಂಬಾ ಗದ್ದಲ ಕೇಳಿಸಿಕೊಂಡ ಕಿವಿಯದು. ಸಾಲಿನ ನಡುವೆ ಖಾಲಿ ಜಾಗ. ಒಂದು ಕಡೆಯಂತೂ ಸಾಲೇ ಇಲ್ಲ.

ರುದ್ರೇಶ್ ಸ್ಕ್ರೀನ್‌ಗೆ ಮುಖ ಹತ್ತಿರ ತಂದರು. ‘ಗರಗಸದ ಹಲ್ಲು ಮುರಿದಂಗಿದೆ. ಇದಕ್ಕೆ ಸ್ಪೇರ್ ಇಲ್ವಾ ಮೇಡಂ?’

ಸುಮಿತ್ರಾ ನಗಲಿಲ್ಲ. ಅವರ ಕಡೆ ತಿರುಗಿ, ನಿಧಾನವಾಗಿ, ತುಟಿ ಕಾಣುವಂತೆ ಹೇಳಿದರು. ‘ಕೋಳಿಗೆ ಮತ್ತೆ ಬೆಳೆಯುತ್ತೆ ಸಾರ್. ಮೀನಿಗೂ ಬೆಳೆಯುತ್ತೆ. ನಮಗೆ ಬೆಳೆಯಲ್ಲ. ಯಾಕೆ ಬೆಳೆಯಲ್ಲ, ಬೆಳೆಸೋಕಾಗುತ್ತಾ, ಅದೇ ನನ್ನ ಕೆಲಸ.’

‘ಯಾವಾಗ ಗೊತ್ತಾಗುತ್ತೆ?’

‘ಸುಳ್ಳು ಹೇಳಲ್ಲ ಸಾರ್. ನಾನು ರಿಟೈರ್ ಆಗೋದ್ರೊಳಗೆ ಗೊತ್ತಾದ್ರೂ ಅದೃಷ್ಟ.’

ಆಮೇಲೆ ಟೆಸ್ಟ್. ಗಾಜಿನ ಕೋಣೆ, ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಬಟನ್. ಸುಮಿತ್ರಾ ರುದ್ರೇಶ್‌ರನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದರು. ನೋಡಲು ಯಾರ ಕೈಯೂ ಇರಲಿಲ್ಲ.

ನಾನು ಹೊರಗೆ ನಿಂತು ಅವರ ಹೆಬ್ಬೆರಳನ್ನೇ ನೋಡುತ್ತಿದ್ದೆ. ಒಮ್ಮೆ ಒತ್ತಿದರು. ಮತ್ತೊಮ್ಮೆ. ಆಮೇಲೆ ಬೆರಳು ಅಲುಗಲಿಲ್ಲ. ಸುಮಿತ್ರಾ ಶಬ್ದ ಏರಿಸುವ ಗುಂಡಿ ತಿರುಗಿಸುತ್ತಲೇ ಇದ್ದರು. ಒತ್ತಿ, ಒತ್ತಿ ಎಂದು ನಾನು ಒಳಗೊಳಗೇ ಕೂಗುತ್ತಿದ್ದೆ. ಅವರು ಹಾಯಾಗಿ ಕೂತಿದ್ದರು. ಅಷ್ಟು ಹೊತ್ತೂ ಅವರ ಪಾಲಿಗೆ ಅಲ್ಲಿ ಶಬ್ದವೇ ಇರಲಿಲ್ಲ.

ಸುಮಿತ್ರಾ ಹೇಳಿದ ಪ್ರಕಾರ ಮೊದಲು ಹೋಗಿರುವುದು ತೀಕ್ಷ್ಣ ಶಬ್ದಗಳು. ‘ಸ’, ‘ಶ’, ‘ತ’ದಂಥ ಅಕ್ಷರಗಳೇ ಉದುರಿಹೋಗುತ್ತವೆ. ಗಂಡಸರ ದಪ್ಪ ದನಿ ಇನ್ನೂ ಕೆಲಕಾಲ ಇರುತ್ತದೆ. ಅಂದರೆ ಸೂಪರ್‌ವೈಸರ್ ಬೈದದ್ದು ಕೇಳಿಸುತ್ತದೆ, ಮಗಳು ಹೇಳಿದ್ದು ಕೇಳಿಸುವುದಿಲ್ಲ. ಇದೆಂಥ ಲೆಕ್ಕ ಹೇಳಿ?

‘ಹೋಗಿದ್ದು ಬರಲ್ಲ. ಇರೋದನ್ನ ಉಳಿಸ್ಕೊಳ್ಳಿ’ ಎಂದರು ಸುಮಿತ್ರಾ. ಹಿಯರಿಂಗ್ ಏಡ್ ಹಾಕಿಸಲು ತಮಗೆ ಗೊತ್ತಿದ್ದ ಒಬ್ಬ ಆಡಿಯಾಲಜಿಸ್ಟ್, ಅಂದರೆ ಶ್ರವಣತಜ್ಞರ ಹತ್ತಿರ ಕಳಿಸಿದರು. (ಏಡ್ ಇನ್ನೂ ಕೈಗೆ ಬಂದಿಲ್ಲ.) ‘ಕೆಲಸದಲ್ಲಿ ಕಿವಿಗೆ ಪ್ಲಗ್ ಹಾಕ್ಕೊಳ್ಳಲ್ವಾ?’ ಎಂದು ಸುಮಿತ್ರಾ ಕೇಳಿದ್ದಕ್ಕೆ ರುದ್ರೇಶ್, ‘ಹಾಕ್ಕೊಂಡ್ರೆ ಮೆಷಿನ್ ಕೆಟ್ಟಿದ್ದು ಗೊತ್ತಾಗಲ್ಲ ಮೇಡಂ. ಶಬ್ದದಲ್ಲೇ ನಾವು ಕಂಡುಹಿಡಿಯೋದು’ ಎಂದರು.

ಇಲ್ಲಿಗೆ ಮುಗಿದಿದ್ದರೆ ನಾನು ಈ ಅಂಕಣವನ್ನು ಧೈರ್ಯದಿಂದ ಬರೆಯುತ್ತಿದ್ದೆ. ಆದರೆ ನನ್ನದೂ ಒಂದು ತಪ್ಪಿದೆ.

ಹೋದ ಬುಧವಾರ ಫ್ಯಾಕ್ಟರಿಯಲ್ಲಿ ವರ್ಷದ ಟೆಸ್ಟ್. ಬೆಳಗ್ಗೆ ಶೂ ಕಟ್ಟುತ್ತಾ ರುದ್ರೇಶ್ ಹೇಳಿದರು. ‘ಇವತ್ತು ಕಣ್ಣು ಮುಚ್ಕೊಂಡು ಕೂತ್ಕೋತೀನಿ. ಸಾಕಾಯ್ತು.’

ಅವರನ್ನು ಲ್ಯಾಬ್‌ವರೆಗೆ ಎಳೆದುಕೊಂಡು ಹೋದವಳು ನಾನು. ಸತ್ಯ ಹೇಳಿ ಎಂದು ಪೀಡಿಸಿದವಳೂ ನಾನೇ. ಆ ಕ್ಷಣ ನನ್ನ ಬಾಯಿಂದ ಬಂದದ್ದೇನು ಗೊತ್ತಾ? ‘ಮಗಳ ಓದು ಮುಗೀಲಿ. ಇದೊಂದು ಸಲ ಅವನ ಕೈ ನೋಡ್ಕೊಂಡೇ ಒತ್ತಿಬಿಡ್ರೀ.’

‘ಏನು?’ ಎಂದರು.

‘ಏನಿಲ್ಲ’ ಎಂದೆ. ಹೊರಟುಹೋದರು. ನಿಜಕ್ಕೂ ಕೇಳಿಸಲಿಲ್ಲವೋ, ಕೇಳಿಸಿಯೂ ಬೇಡವೆನ್ನಿಸಿತೋ, ಇವತ್ತಿಗೂ ನಾನು ವಿಚಾರಿಸಿಲ್ಲ.

ಅಂದು ಅವರು ಕಣ್ಣು ಮುಚ್ಚಿಯೇ ಕೂತರು. ಫೇಲಾದರು. ಮರುದಿನ ಪ್ರೆಸ್‌ನಿಂದ ತೆಗೆದು ಸ್ಟೋರ್‌ಗೆ ಹಾಕಿದರು. ‘ಸದ್ಯಕ್ಕೆ’ ಎಂದಿದ್ದಾರೆ ಎಚ್‌ಆರ್‌ನವರು. ಹೋದ ವರ್ಷ ಪ್ಯಾಕಿಂಗ್‌ಗೆ ಹಾಕಿದ ಆ ಮನುಷ್ಯನಿಗೂ ಹಾಗೇ ಅಂದಿದ್ದರೋ ಏನೋ. ರುದ್ರೇಶ್ ಮಾತ್ರ, ‘ಸ್ಟೋರಲ್ಲಿ ಫ್ಯಾನ್ ತಿರುಗೋದು ಕೇಳ್ಸುತ್ತೆ ಕಣೇ’ ಎನ್ನುತ್ತಾರೆ. (ಇದನ್ನೆಲ್ಲ ಬರೆಯಲು ಅವರೇ ಹೇಳಿದ್ದು. ನಾನು ಬೇಡವೆಂದಿದ್ದೆ.)

ಭಾನುವಾರ ಬೆಳಗ್ಗೆ ಬಾಗಿಲು ಬಡಿದ ಸದ್ದು. ರಾಜಗೋಪಾಲನಗರದಲ್ಲಿ ರೂಮ್ ಮಾಡಿಕೊಂಡಿರುವ ಮೂವರು, ರುದ್ರೇಶ್ ಜೊತೆ ಪ್ರೆಸ್‌ನಲ್ಲಿದ್ದವರು. ಮೂವರೂ ಒಟ್ಟಿಗೆ ಎಷ್ಟು ಜೋರಾಗಿ ಮಾತಾಡಿದರೆಂದರೆ, ಜಗಳವೇನೋ ಎಂದು ಎದುರು ಮನೆಯವರು ಇಣುಕಿದರು. ಅವರಲ್ಲಿ ದೊಡ್ಡವರು ಬಸವರಾಜ, ಕೊಪ್ಪಳದ ಕಡೆಯವರು. ಒಳಗೆ ಬಂದು ಬಾಗಿಲು ತಾವೇ ಹಾಕಿದರು.

‘ಅಕ್ಕಾರ, ರುದ್ರೇಶಣ್ಣ ಹೇಳಿದ ಆ ಮೇಡಮ್ಮರ ಹತ್ರ ನಮ್ಮನ್ನೂ ಒಂದ್ಸಲ ಕರ್ಕೊಂಡ್ ಹೋಗ್ರಿ.’

‘ಖಂಡಿತ ಹೋಗೋಣ’ ಎಂದೆ.

‘ಆದ್ರ ಫ್ಯಾಕ್ಟರ್‍ಯಾಗ ಮಾತ್ರ ನಾವು ಆ ಟೆಸ್ಟ್ ಮಾಡೋ ಹುಡುಗನ ಕೈ ನೋಡೇ ಒತ್ತತೀವ್ರಿ. ನಮ್ಮ ಹೆಸರು ಹೊರಗ ಬರಬಾರ್ದು.’ (ಬಸವರಾಜ ಎಂಬುದು ನಾನಿಟ್ಟ ಹೆಸರು, ಊರನ್ನೂ ಬದಲಿಸಿದ್ದೇನೆ.)

ಸುಮಿತ್ರಾ ಅವರ ಲ್ಯಾಬ್‌ನಲ್ಲಿ ಒಂದು ದಿನ ಆ ಕೋಶಗಳು ಮತ್ತೆ ಬೆಳೆಯಬಹುದು. ಬೆಳೆಯಲಿ ಎಂದು ದೇವರನ್ನು ಬೇಡುತ್ತೇನೆ. ಆದರೆ ಅವತ್ತು ‘ನನಗೆ ಕೇಳಿಸುವುದಿಲ್ಲ’ ಎಂದು ಪೀಣ್ಯದಿಂದ ಮೊದಲು ಕೈ ಎತ್ತುವವರು ಯಾರು?