ಗೋಡೆ ಬಿಟ್ಟ ಏಣಿ

ಕಳೆದ ವಾರ ಕಲ್ಯಾಣದುರ್ಗದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಅಟೆಂಡರಮ್ಮ ಹಳೇ ಹಿತ್ತಾಳೆ ತೂಕದ ಬಟ್ಟುಗಳನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರು. ಹುಳಿಯೂ ಲೋಹವೂ ಬೆರೆತ ಆ ವಾಸನೆ ಮೂಗಿಗೆ ಬಂದದ್ದೇ ತಡ, ಕಲ್ಯಾಣದುರ್ಗ ಮರೆತೇ ಹೋಯಿತು. ಹಿಂದೂಪುರದ ಹುಣಸೆ ಮಂಡಿಯ ಹಿಂದಿನ ಗಲ್ಲಿ, ತಕ್ಕಡಿ ರಿಪೇರಿ ಅಂಗಡಿಯ ಮೆಟ್ಟಿಲು, ಒಳಗೆ ಬಗ್ಗಿ ಕೂತ ಮಾವ...

ಅವರು ನಮ್ಮ ಪಕ್ಕದ ಮನೆಯವರು. ಸಂಬಂಧವೇನೂ ಇರಲಿಲ್ಲ, ಆದರೂ ನನಗೆ ಮಾವ. ಇಂಟರ್ ಮುಗಿಸಿ ಓದು ಬಿಟ್ಟು ತಂದೆಯ ಅಂಗಡಿಗೆ ಕೂತವರು. ಮಂಡಿಯ ತಕ್ಕಡಿಗಳನ್ನೆಲ್ಲ ಸರಿಮಾಡುತ್ತಿದ್ದರು. ಕೆಲಸದ ನಡುವೆ ಬಿಡುವಾದರೆ ಗಾಜು ಒಡೆದ ಫೋನಿನಲ್ಲಿ ಒಂದು ಇಂಗ್ಲಿಷ್ ಫೋರಂ ತೆರೆಯುತ್ತಿದ್ದರು. ಎಲ್ಲೆಲ್ಲಿಯವರೋ ಸೇರಿ ಭೌತಶಾಸ್ತ್ರ, ಗಣಿತದ ಸಮಸ್ಯೆಗಳನ್ನು ಚರ್ಚಿಸುವ ಜಾಗ ಅದು. ಅಲ್ಲಿ ಅಂದಾಜಿನ ಮಾತಿಗೆ ಬೆಲೆ ಇರಲಿಲ್ಲ. ಒಂದು ಸಾಲು ಬರೆದರೆ ಅದು ಹೇಗೆ ಬಂತು ಅಂತ ತೋರಿಸಬೇಕು. ಅದೇ ಅವರಿಗೆ ಇಷ್ಟ.

ನಾನಾಗ ಡಿಗ್ರಿ ಎರಡನೇ ವರ್ಷ, ಗಣಿತದಲ್ಲಿ ಫೇಲಾಗಿ ಕೂತಿದ್ದೆ. ಕಾಲೇಜು ಸಾಕು, ಸೀರೆ ಅಂಗಡಿಗೆ ಸೇರಿಸ್ತೀನಿ ಅಂತ ಅಪ್ಪ ಹೇಳಿಯಾಗಿತ್ತು. ಅಂಥ ದಿನಗಳಲ್ಲೇ ಮಾವ ನನ್ನನ್ನು ಕರೆದು, ತಮ್ಮ ಇಂಗ್ಲಿಷ್ ಸಾಲದು, ನೀನು ಬರೆದುಕೊಡಬೇಕು ಅಂದರು. ಅವರು ಹೇಳೋದು ಕನ್ನಡದಲ್ಲಿ, ಶಾಲೆ ಓದಿದ್ದು ತೆಲುಗಿನಲ್ಲಾದ್ದರಿಂದ ಗುರುತು ಹಾಕಿಕೊಳ್ಳೋದು ತೆಲುಗು ಅಕ್ಷರದಲ್ಲಿ, ಅದನ್ನು ನಾನು ನನ್ನ ಅರೆಬರೆ ಇಂಗ್ಲಿಷಿಗೆ ತಿರುಗಿಸೋದು.

ಸಮಸ್ಯೆ ಒಂದು ಏಣಿಯದು. ನುಣುಪಾದ ನೆಲ, ನುಣುಪಾದ ಗೋಡೆ, ಒರಗಿಸಿದ ಏಣಿ ಜಾರುತ್ತದೆ. ಅದರ ತುದಿ ನೆಲ ಮುಟ್ಟುವಾಗ ವೇಗ ಎಷ್ಟು? ಫೋರಂನಲ್ಲಿ ಎಲ್ಲರೂ ಗೌರವಿಸುವ ಒಬ್ಬ ಹಿರಿಯ ಸದಸ್ಯರು ಉತ್ತರ ಕೊಟ್ಟಿದ್ದರು. ಏಣಿ ಕೊನೆಯವರೆಗೂ ಗೋಡೆಗೆ ತಾಗಿಕೊಂಡೇ ಜಾರುತ್ತದೆ ಅಂತ ಇಟ್ಟುಕೊಂಡು ಮಾಡಿದ ಲೆಕ್ಕ. ಎಲ್ಲರೂ ಒಪ್ಪಿದ್ದರು.

ಮಾವ ಒಪ್ಪಲಿಲ್ಲ. "ಕೊನೇವರ್ಗೂ ಹಿಡ್ಕಂಡಿರಲ್ಲ ಕಣಮ್ಮ. ಮಧ್ಯದಲ್ಲೇ ಗೋಡೆ ಬಿಟ್ಬುಡ್ತದೆ," ಅಂದರು. ಒಂದು ಗಾಜಿನ ಹಲಗೆಗೆ ಎಣ್ಣೆ ಸವರಿ, ಅದರ ಮೇಲೆ ಸ್ಟೀಲ್ ಸ್ಕೇಲನ್ನು ಪೆಟ್ಟಿಗೆಗೆ ಒರಗಿಸಿ ಜಾರಿಬಿಟ್ಟರು. ಫೋನಿನಲ್ಲಿ ವಿಡಿಯೋ ಹಿಡಿದು ನಿಧಾನಕ್ಕೆ ಓಡಿಸಿದರೆ ಹೌದು, ಸ್ಕೇಲು ಕೆಳಗೆ ಬೀಳುವ ಮೊದಲೇ ಪೆಟ್ಟಿಗೆಯಿಂದ ದೂರ ಸರಿದಿತ್ತು. ಅದನ್ನು ಫೋರಂಗೆ ಹಾಕಿದೆವು. ಹಿರಿಯ ಸದಸ್ಯರು ಒಂದೇ ಸಾಲು ಬರೆದರು: ಕಣ್ಣಿಗೆ ಕಂಡದ್ದು ಪುರಾವೆಯಲ್ಲ, ಲೆಕ್ಕ ತೋರಿಸಿ.

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಮಾವನಿಗೆ ಮಾತ್ರ ಖುಷಿ. ಆಯಪ್ಪ ಹೇಳಿದ್ದು ಸರಿಯಾಗೇ ಇದೆ, ಲೆಕ್ಕ ನೀನು ಮಾಡು ಅಂದರು. ಇಂಟರ್‌ನಲ್ಲಿ ಕಲಿತ ಕ್ಯಾಲ್ಕುಲಸ್ ಅವರಿಗೆ ಪೂರಾ ಮರೆತಿತ್ತು. ಹಾಗಾಗಿ ಫೇಲಾದ ಪುಸ್ತಕವನ್ನೇ ನಾನು ಮತ್ತೆ ಮೊದಲಿಂದ ತೆರೆದೆ. ಮೂರು ವಾರ, ದಿನಾ ಸಂಜೆ ಅಂಗಡಿ ಮುಚ್ಚುವವರೆಗೂ... ನಾನು ಒಂದೊಂದು ಸಾಲು ಬರೆದು ತೋರಿಸಬೇಕು, ಅವರು ಯಾಕೆ ಅಂತ ಕೇಳಬೇಕು. ಪುಸ್ತಕದಲ್ಲಿದೆ ಅಂದರೆ ಅವರಿಗೆ ಉತ್ತರವಾಗುತ್ತಿರಲಿಲ್ಲ.

ಕೊನೆಗೆ ಬಂತು. ಏಣಿಯ ತುದಿ ಮೊದಲಿನ ಎತ್ತರದಲ್ಲಿ ಮೂರನೇ ಒಂದು ಭಾಗ ಇಳಿದಾಗ ಗೋಡೆ ಏಣಿಯನ್ನು ತಳ್ಳುವ ಬಲ ಸೊನ್ನೆ. ಅಲ್ಲಿಗೆ ಏಣಿ ಗೋಡೆ ಬಿಡುತ್ತದೆ. ಅಲ್ಲಿಂದ ಮುಂದಿನ ಲೆಕ್ಕ ಬೇರೆ, ಕೊನೆಯ ವೇಗವೂ ಬೇರೆ. ಅದನ್ನು ಬರೆದು ಹಾಕಿದೆವು. ನಾಲ್ಕೈದು ಜನ ಭೇಷ್ ಅಂದರು. ಹಿರಿಯ ಸದಸ್ಯರ ಹಳೇ ಉತ್ತರ ಮಾತ್ರ ಹಾಗೇ ಇತ್ತು.

ಮಾರನೇ ದಿನ ಬೆಳಗ್ಗೆ ಮಾವ ನಮ್ಮ ಬಾಗಿಲಿಗೇ ಬಂದರು. ನೆಲದ ಕಥೆ ಏನಮ್ಮ ಅಂತ ಕೇಳಿದರು. ಏಣಿಯ ಬುಡ ನೆಲ ಬಿಡೋದಿಲ್ಲ ಅಂತ ನಾವು ಸುಮ್ಮನೆ ನಂಬಿದ್ದೆವು. ಅದು ಮೊದಲೇ ಎದ್ದರೆ ನಮ್ಮ ಲೆಕ್ಕವೆಲ್ಲ ಹೋಯಿತು. ಯಾರೂ ಗಮನಿಸಿಲ್ಲ, ಬಿಟ್ಟುಬಿಡೋಣ ಮಾವ ಅಂದೆ.

ಅವರು ಬೈಯಲಿಲ್ಲ. "ಯಾರೂ ನೋಡ್ಲಿಲ್ಲ ಅಂದ್ರೆ ತಕ್ಕಡಿ ಸರಿಯಾಗ್ಬುಡ್ತದಾ?" ಅಂದರು, ಅಷ್ಟೇ.

ನಮ್ಮ ಉತ್ತರದ ಕೆಳಗೆ ನಾನೇ ಬರೆದೆ: ಇಲ್ಲೊಂದು ಕೊರತೆ ಇದೆ. ಹಿರಿಯ ಸದಸ್ಯರು ಕೂಡಲೇ ಪ್ರತಿಕ್ರಿಯಿಸಿದರು. ಅದು ತುಂಬುವವರೆಗೆ ಇದು ಉತ್ತರವಲ್ಲ ಅಂತ. ಭೇಷ್ ಅಂದವರೂ ಹಿಂದೆ ಸರಿದರು. ಆ ಎರಡು ದಿನ ನಾನು ಸರಿಯಾಗಿ ಊಟ ಮಾಡಿದ ನೆನಪಿಲ್ಲ...

ಮೂರನೇ ದಿನ ಮಾವ ಕಲ್ಯಾಣದುರ್ಗಕ್ಕೆ ಹೊರಟರು, ಅಲ್ಲಿನ ಕಡಲೆಕಾಯಿ ವ್ಯಾಪಾರಿಗಳ ತಕ್ಕಡಿ ನೋಡೋದಕ್ಕೆ. ನಮ್ಮ ಚಿಕ್ಕಮ್ಮ ಅಲ್ಲೇ ಇದ್ದರು, ನಾನೂ ಜೊತೆಗೆ ಬಸ್ ಹತ್ತಿದೆ. ತೊಡೆ ಮೇಲೆ ನೋಟ್ ಪುಸ್ತಕ. ನೆಲ ಏಣಿಯನ್ನು ಎತ್ತಿ ಹಿಡಿಯುವ ಬಲದ ಸೂತ್ರವನ್ನು ಹತ್ತನೇ ಸಲವೋ ಏನೋ ಬರೆಯುತ್ತಿದ್ದೆ. ಬಸ್ಸು ಕುಲುಕಿ ಪೆನ್ನು ಜಾರಿತು. ಅಳಿಸಿ, ಪದಗಳ ಜಾಗ ಅದಲು ಬದಲು ಮಾಡಿ ಬರೆದಾಗ ಕಂಡಿತು. ಅದರೊಳಗೆ ಒಂದು ಪೂರ್ಣ ವರ್ಗ ಅಡಗಿತ್ತು. ಉಳಿದ ಭಾಗವೂ ಸೊನ್ನೆಗಿಂತ ಹೆಚ್ಚೇ. ವರ್ಗ ಎಂದೂ ಋಣವಾಗೋದಿಲ್ಲ. ಎರಡೂ ಕೂಡಿದರೆ ಆ ಬಲ ಸೊನ್ನೆ ಆಗೋದೇ ಇಲ್ಲ. ಗೋಡೆ ಬಿಡುವವರೆಗೂ ಬುಡ ನೆಲ ಬಿಡೋದಿಲ್ಲ! ಎಂಟನೇ ಕ್ಲಾಸಿನ ಲೆಕ್ಕ. ನಾನು ಮಾವನ ತೋಳು ಹಿಡಿದು ಅಲ್ಲಾಡಿಸಿಬಿಟ್ಟೆ.

ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನ ಸಿಮೆಂಟ್ ಬೆಂಚಿನ ಮೇಲೆ ಕೂತು, ಜೀಪಿನವರು ಊರೂರಿನ ಹೆಸರು ಕೂಗುತ್ತಿರುವಾಗ ಅದನ್ನು ಟೈಪ್ ಮಾಡಿದೆ. ಮಾವ ಮೂರು ಬೇರೆ ಬೇರೆ ಸಂಖ್ಯೆ ಕೊಟ್ಟು ಲೆಕ್ಕ ಹಾಕಿಸಿದರು. ಮೂರೂ ಸರಿ ಬಂದ ಮೇಲೇ "ಈಗ ಹಾಕು" ಅಂದರು.

ಊಟ ಮುಗಿಸುವಷ್ಟರಲ್ಲಿ ಹಿರಿಯ ಸದಸ್ಯರ ಉತ್ತರ ಬಂದಿತ್ತು. ತಮ್ಮ ಹಳೇ ಉತ್ತರದ ಮೇಲೆ ತಾವೇ ಗೆರೆ ಎಳೆದು, ತಾವು ಇದನ್ನು ವರ್ಷಗಟ್ಟಲೆ ತಪ್ಪಾಗಿ ಕಲಿಸಿದ್ದಾಗಿಯೂ, ಈ ಪುರಾವೆ ಸಂಪೂರ್ಣವಾಗಿದೆ ಎಂದೂ ಬರೆದಿದ್ದರು. ಪ್ರಶ್ನೆ ಕೇಳಿದವರು ಸರಿಯುತ್ತರಕ್ಕೆ ಹಾಕುವ ಹಸಿರು ಗುರುತು ನಮ್ಮ ಉತ್ತರಕ್ಕೆ ಬಂದಿತ್ತು. ಮಾವ ಅದನ್ನು ಮೂರು ಸಲ ಓದಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

"ಒಪ್ಕಂಡ್ಬುಟ್ರು ಕಣಮ್ಮ. ದೊಡ್ಡ ಮನುಷ್ಯರು ಅವ್ರು," ಅಂದರು. ಗೆದ್ದದ್ದು ನಾವು, ಮಾವ ಹೊಗಳಿದ್ದು ಸೋತವರನ್ನ.

ಅಪ್ಪನಿಗೆ ಆ ಪುಟವನ್ನು ತೋರಿಸಿದೆ. ಅವರಿಗೆ ಒಂದಕ್ಷರವೂ ತಿಳಿಯಲಿಲ್ಲ, ಆದರೆ ಸೀರೆ ಅಂಗಡಿಯ ಮಾತು ಮತ್ತೆ ಬರಲಿಲ್ಲ. ಆ ವರ್ಷ ಗಣಿತದಲ್ಲಿ ಕ್ಲಾಸಿಗೇ ಮೊದಲು ಬಂದೆ. ಎಂಎಸ್ಸಿ ಮಾಡಿದೆ. ಅದೇ ಕಲ್ಯಾಣದುರ್ಗದಲ್ಲಿ ಫಿಸಿಕ್ಸ್ ಲೆಕ್ಚರರ್ ಆದೆ. ಆರ್ಡರ್ ಬಂದ ದಿನ ಮಾವ ಅಂಗಡಿಗೆ ಬೀಗ ಹಾಕಿ, ಮಂಡಿಯಲ್ಲಿ ಸಿಕ್ಕಿದವರಿಗೆಲ್ಲ "ಮಾ ಪಾಪ ಲೆಕ್ಚರರ್", ನಮ್ಮ ಹುಡುಗಿ ಲೆಕ್ಚರರ್ ಅಂತ ತೆಲುಗಿನಲ್ಲಿ ಹೇಳಿಕೊಂಡು ಬಂದರಂತೆ.

ಅವರು ತೀರಿಕೊಂಡು ಮೂರು ವರ್ಷವಾಯಿತು. ಸುದ್ದಿ ಬಂದಾಗ ನಾನು ಕ್ಲಾಸಿನಲ್ಲಿದ್ದೆ... ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂಗಡಿಯಲ್ಲೀಗ ಮೊಬೈಲ್ ಕವರ್ ಮಾರುತ್ತಾರೆ.

ಈ ತಿಂಗಳು ನನ್ನ ವಿದ್ಯಾರ್ಥಿನಿಯೊಬ್ಬಳು ಫೋರಂನಲ್ಲಿ ನಮ್ಮ ಪುಟ ಹುಡುಕಿ ಓದಿ, ನೆಲ ನುಣುಪಾಗಿಲ್ಲದಿದ್ದರೆ ಏನಾಗುತ್ತದೆ ಮೇಡಮ್ ಅಂತ ಅಲ್ಲೇ ಕೇಳಿದಳು. ಒಳ್ಳೇ ಪ್ರಶ್ನೆ. ನಾಲ್ಕು ದಿನ ಕೂತು, ಒಂದೊಂದು ಸಾಲಿಗೂ ಯಾಕೆ ಅಂತ ನನ್ನನ್ನೇ ಕೇಳಿಕೊಂಡು ಉತ್ತರ ಸಿದ್ಧಮಾಡಿದೆ. ಹಾಕುವ ಮೊದಲು ಇನ್ನೊಮ್ಮೆ ಓದಿದಾಗ, ಅಭ್ಯಾಸಬಲದಿಂದ ಮೊದಲ ಸಾಲಿನಲ್ಲೇ "ನಾವು" ಅಂತ ಬರೆದಿರುವುದು ಕಂಡಿತು. ಈ ಸಲ ಬರೆದದ್ದು ನಾನೊಬ್ಬಳೇ. ತಪ್ಪು ತಪ್ಪೇ ಅಲ್ಲವಾ... ಅಳಿಸಿ, "ನಾನು" ಅಂತ ತಿದ್ದಿ, ಹಾಕಿದೆ.