ಸಾಂಬ್ರಾದಿಂದ ಹೊರಟ ಕೊನೆಯ ವಿಮಾನ

ನಾನು ಕೆಲಸಕ್ಕೆ ಸೇರಿದ ವಿಮಾನ ಕಂಪನಿಯ ಹತ್ತಿರ ಇದ್ದದ್ದು ಮೂರೇ ವಿಮಾನ. ಮೂರೂ ಸಣ್ಣವು, ರೆಕ್ಕೆಯ ಮೇಲೆ ಪಂಖ ತಿರುಗುವಂಥವು. ಬೆಳಗಾವಿಯಿಂದ ಬೆಂಗಳೂರು, ಹೈದರಾಬಾದ್, ಮುಂಬೈಗೆ ಕಡಿಮೆ ದರದಲ್ಲಿ ಒಯ್ಯುತ್ತೇವೆಂದು ಅವರು ಪೇಪರಿನಲ್ಲಿ ಜಾಹೀರಾತು ಹಾಕಿದಾಗ ನಾನು ಬಿ.ಕಾಂ. ಮುಗಿಸಿ ದೇಸೂರಿನ ಮನೆಯಲ್ಲಿದ್ದೆ. ಕನ್ನಡ, ಮರಾಠಿ, ಹಿಂದಿ ಮೂರೂ ಸಲೀಸಾಗಿ ಮಾತಾಡುತ್ತೇನೆಂದು ಸಾಂಬ್ರಾ ವಿಮಾನ ನಿಲ್ದಾಣದ ಕೌಂಟರಿಗೆ ನನ್ನನ್ನು ತೆಗೆದುಕೊಂಡರು.

ರೈಲ್ವೆಯಲ್ಲಿ ದುಡಿದಿದ್ದ ಅಪ್ಪನಿಗೆ ಇದು ಸರಿಬರಲಿಲ್ಲ. "ಹಳಿ ಇಲ್ಲದ ಗಾಡಿ ಅದು. ನೌಕರಿನೂ ಹಂಗ ಇರತೈತಿ ನೋಡು," ಅಂದರು.

"ಹೋಗಲಿ ಬಿಡ್ರಿ, ಒಂದು ವರ್ಷ ಮಾಡಿ ನೋಡಲಿ," ಅಂದಳು ಅವ್ವ.

ಆ ಒಂದು ವರ್ಷ ನನ್ನ ಬದುಕಿನ ಹಬ್ಬ. ಬೆಳಿಗ್ಗೆ ದೇಸೂರಿನಿಂದ ಬಸ್ಸು ಹಿಡಿದು, ಪೀರನವಾಡಿ ದಾಟಿ, ಪೇಟೆಯಲ್ಲಿ ಇನ್ನೊಂದು ಬಸ್ಸು ಹತ್ತಿ ಸಾಂಬ್ರಾ ಮುಟ್ಟುವಷ್ಟರಲ್ಲಿ ಕೌಂಟರಿನ ಮುಂದೆ ಸಾಲು ನಿಂತಿರುತ್ತಿತ್ತು. ಬೆಂಗಳೂರಿನ ಕೋರ್ಟಿಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರುವ ವಕೀಲರು, ಬಟ್ಟೆಗಿಂತ ಕುಂದಾ ಸಿಹಿಯ ಡಬ್ಬಿಗಳೇ ಹೆಚ್ಚಿರುವ ಬ್ಯಾಗು ತೂಕಕ್ಕೆ ಇಡುವ ಮದುವೆ ಮನೆಯವರು, ಖಾನಾಪುರದ ಹೆಂಚಿನ ಕಾರ್ಖಾನೆಯ ಮಾಲೀಕರು. ಬಸ್ ಸ್ಟ್ಯಾಂಡಿನಲ್ಲಿ ನನ್ನ ನೀಲಿ ಯೂನಿಫಾರ್ಮ್ ಕಂಡರೆ ಸಾಕು, ಜನ ಬಳಿ ಬಂದು ಟಿಕೆಟಿನ ದರ ಕೇಳುತ್ತಿದ್ದರು. ಮೈಕಿನಲ್ಲಿ ಮೂರು ಭಾಷೆಯಲ್ಲಿ ಘೋಷಣೆ ಮಾಡುವಾಗ ನನ್ನ ದನಿ ನನಗೇ ದೊಡ್ಡದಾಗಿ ಕೇಳುತ್ತಿತ್ತು.

ಎರಡನೇ ವರ್ಷ ಇಳಿತ ಶುರುವಾಯಿತು. ಒಂದು ವಿಮಾನ ಕೆಟ್ಟು ನಿಂತಿತು. ಅದರ ಭಾಗಗಳನ್ನು ಬಿಚ್ಚಿ ಉಳಿದೆರಡಕ್ಕೆ ಹಾಕಿದರು. ಹೈದರಾಬಾದ್ ನಿಂತಿತು, ಆಮೇಲೆ ಮುಂಬೈ. ಪಗಾರ ತಡವಾಗತೊಡಗಿತು. ನಮ್ಮ ಮ್ಯಾನೇಜರ್ ಬೇರೆ ಕೆಲಸ ನೋಡಿಕೊಂಡು ಹೋದರು. ಕೌಂಟರಿನಲ್ಲಿ ನಾನು ಮತ್ತು ನನ್ನ ಜೊತೆಗಾರ್ತಿ, ಇಬ್ಬರೇ ಉಳಿದೆವು. ನಾನು ಹಿರಿಯಳಾದ್ದರಿಂದ ಜವಾಬ್ದಾರಿ ನನ್ನ ತಲೆಗೆ ಬಂತು.

ಮಳೆಗಾಲ ಮುಗಿಯುತ್ತ ಬಂದ ಒಂದು ಬೆಳಿಗ್ಗೆ ಹೆಡ್ ಆಫೀಸಿನಿಂದ ಫೋನು ಬಂತು. ಇವತ್ತಿಗೆ ಕಂಪನಿಯ ಹಾರಾಟ ಮುಗಿಯಿತು, ಬೆಂಗಳೂರಿನ ವಿಮಾನ ರದ್ದು, ಪ್ರಯಾಣಿಕರಿಗೆ ನೀವೇ ತಿಳಿಸಿ ಎಂದರು. ವಿಮಾನವನ್ನು ಬಾಡಿಗೆಗೆ ಕೊಟ್ಟವರು ವಾಪಸ್ಸು ಕೇಳಿದ್ದರು. ಎಣ್ಣೆ ತುಂಬಿಸುವ ವ್ಯವಸ್ಥೆಯನ್ನೂ ಅವರೇ ಮಾಡಿದ್ದರು. ಸಾಂಬ್ರಾದಲ್ಲಿ ನಿಂತಿದ್ದ ಆ ವಿಮಾನವನ್ನು ಖಾಲಿಯಾಗಿ ಬೆಂಗಳೂರಿಗೆ ಒಯ್ದು ಒಪ್ಪಿಸಬೇಕಿತ್ತು.

ಫೋನಿಟ್ಟು ತಲೆ ಎತ್ತಿದೆ. ಎದುರಿಗೆ ಜಾಂಬೋಟಿ ಕಡೆಯ ಹೆಂಗಸರ ಒಂದು ಗುಂಪು ನಿಂತಿತ್ತು. ಗೋಡಂಬಿ, ಮುರುಗಲ ಹಣ್ಣಿನ ಸಿಪ್ಪೆ, ಹಲಸಿನ ಹಪ್ಪಳ ಮಾಡಿ ಮಾರುವ ಸಂಘದವರು. ಬೆಂಗಳೂರಿನ ಮೇಳದಲ್ಲಿ ಅವರಿಗೆ ಮೊದಲ ಸಲ ಮಳಿಗೆ ಸಿಕ್ಕಿತ್ತು. ಅವರ ಮುಖ್ಯಸ್ಥೆ ಹಸಿರು ಸೀರೆಯ ಎತ್ತರದ ಮುದುಕಿ. ಅವರನ್ನು ಎಲ್ಲರೂ ಆಯಿ ಎಂದು ಕರೆಯುತ್ತಿದ್ದರು.

"ಸಂಜಿ ಒಳಗ ಹೋಗಿ ಮಳಗಿ ಹಿಡೀಲಿಲ್ಲಂದ್ರ ಬ್ಯಾರೆಯವರಿಗೆ ಕೊಡತಾರಂತ," ಅಂದರು ಆಯಿ. "ಬಸ್ಸಿನ್ಯಾಗ ಹೋದ್ರ ಮುಟ್ಟೂದಿಲ್ಲ ಅಂತ ಇದನ್ನ ಬುಕ್ ಮಾಡೇವಿ. ಎಷ್ಟೊತ್ತಿಗೆ ಬಿಡತೀರಿ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಆಯಿ, ಇವತ್ತ ಹೋಗೂದಿಲ್ಲ ಅಂತ ಈಗ ಹೇಳ್ಯಾರ. ನಾ ಇನ್ನೊಮ್ಮೆ ಕೇಳತೇನಿ. ಸ್ವಲ್ಪ ಕುಂದರ್ರಿ."

ಅವರು ನನ್ನ ಮುಖವನ್ನೇ ನೋಡಿದರು. "ಕುಂದರತೇವಿ. ನೀ ಕೇಳವ್ವಾ."

ನಾನು ವಿಮಾನ ಒಯ್ಯಬೇಕಿದ್ದ ಕ್ಯಾಪ್ಟನ್ ಹತ್ತಿರ ಹೋದೆ. ಮಂಗಳೂರಿನ ಕಡೆಯವರು, ಮೆಲುಮಾತಿನವರು. "ಸರ್, ವಿಮಾನ ಹೆಂಗೂ ಬೆಂಗಳೂರಿಗೇ ಹೊಂಟೈತಿ. ಟಿಕೆಟ್ ತಗೊಂಡ ಮಂದಿ ಇಲ್ಲೇ ಕುಂತಾರ. ಕರಕೊಂಡು ಹೋಗಾಕ ಏನು ಅಡ್ಡಿ?"

ಅವರು ಕೈಯಲ್ಲಿದ್ದ ಕಾಗದಗಳನ್ನು ತಿರುವಿ ನೋಡಿದರು. "ಪರವಾನಗಿ ಇವತ್ತಿನ ಮಟ್ಟಿಗೆ ಉಂಟು. ಎಣ್ಣೆ ಉಂಟು, ಗಗನಸಖಿಯರೂ ಇದ್ದಾರೆ. ಆಫೀಸಿನವರು ಹೂಂ ಅಂದರೆ ನನ್ನದೇನೂ ಅಡ್ಡಿಯಿಲ್ಲ."

ಹೆಡ್ ಆಫೀಸಿನಲ್ಲಿ ಮೊದಲು ಫೋನೆತ್ತಿದವರು ಆಗುವುದಿಲ್ಲ ಎಂದರು. ಎರಡನೆಯವರು, ರದ್ದಾಗಿದೆ ಎಂದು ಘೋಷಣೆಯೇ ಆಗಿಹೋಗಿದೆಯಲ್ಲ ಎಂದರು.

"ಘೋಷಣೆ ಮಾಡಬೇಕಾದವಳು ನಾನು ಸರ್," ಎಂದೆ ಹಿಂದಿಯಲ್ಲಿ. "ನಾನಿನ್ನೂ ಮಾಡಿಲ್ಲ."

ಅವರು ಹಾರಾಟದ ಮುಖ್ಯಸ್ಥರಿಗೆ ಲೈನು ಕೊಟ್ಟರು. ನಾನು ಮತ್ತೆ ಮೊದಲಿನಿಂದ ಹೇಳಿದೆ. ಕ್ಯಾಪ್ಟನ್ ನನ್ನ ಕೈಯಿಂದ ಫೋನು ತೆಗೆದುಕೊಂಡು ತಾವೂ ಹೇಳಿದರು. ಕೊನೆಗೆ ಆ ಕಡೆಯಿಂದ ಒಂದೇ ಮಾತು ಬಂತು, ಕರೆದುಕೊಂಡು ಬನ್ನಿ.

ಮೈಕು ಹಿಡಿದೆ. ಬೆಂಗಳೂರಿಗೆ ಹೋಗುವ ವಿಮಾನ ಸಿದ್ಧವಾಗಿದೆ ಎಂದು ಮೂರೂ ಭಾಷೆಯಲ್ಲಿ ಹೇಳಿದೆ. ಆಯಿ ಗೋಡಂಬಿ ಚೀಲ ಹೆಗಲಿಗೇರಿಸಿ ಎಲ್ಲರಿಗಿಂತ ಮುಂದೆ ನಿಂತರು.

ಎಲ್ಲರೂ ಹತ್ತಿದ ಮೇಲೆ ಕ್ಯಾಪ್ಟನ್ ನನ್ನತ್ತ ತಿರುಗಿದರು. "ಈ ವಿಮಾನ ತಿರುಗಿ ಬರುವುದಿಲ್ಲ. ಸೀಟು ಖಾಲಿ ಉಂಟು. ನೀವೂ ಬನ್ನಿ." ಎರಡು ವರ್ಷ ಜನರನ್ನು ಕಳಿಸಿದ್ದೆನೇ ಹೊರತು ನಾನು ಒಮ್ಮೆಯೂ ಹಾರಿರಲಿಲ್ಲ. ಜೊತೆಗಾರ್ತಿಯ ಮುಖ ನೋಡಿದೆ. "ಹೋಗ ನೀ. ಇಲ್ಲಿ ನಾ ನೋಡಕೋತೇನಿ," ಎಂದು ಬೆನ್ನಿಗೆ ಕೈಯಿಟ್ಟು ದೂಡಿದಳು. ನನ್ನ ಹೆಸರಿಗೂ ಒಂದು ಬೋರ್ಡಿಂಗ್ ಪಾಸು ತೆಗೆದುಕೊಟ್ಟಳು.

ವಿಮಾನ ಪಡುವಣಕ್ಕೆ ಎದ್ದು, ಬೆಳಗಾವಿಯ ಮೇಲೆ ಹಾದು ಎಡಕ್ಕೆ ತಿರುಗಿತು. ಕೋಟೆಯ ಕಂದಕ, ಖಾನಾಪುರದ ಕಡೆ ಹೋಗುವ ರೈಲು ಹಳಿ, ಅದರ ಪಕ್ಕದಲ್ಲಿ ನಮ್ಮೂರು, ದೂರದಲ್ಲಿ ಜಾಂಬೋಟಿಯ ಕಪ್ಪು ಕಾಡು ಕಂಡವು. ನಾನು ಆಯಿಯ ಕೈ ಹಿಡಿದಿದ್ದೆನೋ ಅವರು ನನ್ನದು ಹಿಡಿದಿದ್ದರೋ ಗೊತ್ತಿಲ್ಲ.

"ಅಂಜಿಕಿ ಬರತೈತೇನು?" ಎಂದು ಕೇಳಿದರು.

"ಇಲ್ಲ ಆಯಿ. ಖುಷಿ ಆಗೇತಿ."

ಸ್ವಲ್ಪ ಹೊತ್ತಿಗೆ ಗಗನಸಖಿ ಬಂದು ಮೈಕನ್ನು ನನ್ನ ಕೈಗೆ ಕೊಟ್ಟಳು. ಕ್ಯಾಪ್ಟನ್ ಹೇಳಿ ಕಳಿಸಿದ್ದರು. ಬೆಳಗಾವಿಯಿಂದ ಇದು ನಮ್ಮ ಕಂಪನಿಯ ಕೊನೆಯ ವಿಮಾನ, ನಮ್ಮನ್ನು ನಂಬಿ ಹತ್ತಿದ ನಿಮಗೆಲ್ಲ ನಮಸ್ಕಾರ ಎಂದು ಕನ್ನಡದಲ್ಲಿ ಹೇಳಿದೆ, ಮರಾಠಿಯಲ್ಲಿ ಹೇಳಿದೆ. ಹಿಂದಿಗೆ ಬರುವಷ್ಟರಲ್ಲಿ ಚಪ್ಪಾಳೆಯ ಸದ್ದಿನಲ್ಲಿ ನನ್ನ ದನಿ ಮುಳುಗಿತು.

ಆಯಿ ನನ್ನನ್ನು ಬೆಂಗಳೂರಿನಲ್ಲಿ ಒಬ್ಬಳನ್ನೇ ಬಿಡಲಿಲ್ಲ. ಹೊತ್ತು ಮುಳುಗುವ ಮೊದಲೇ ಮಳಿಗೆ ಹಿಡಿದೆವು. ಮರುದಿನ ನಾನು ಅದೇ ಯೂನಿಫಾರ್ಮಿನಲ್ಲಿ ನಿಂತು, ಬಂದವರ ಅಂಗೈಗೆ ಗೋಡಂಬಿ ಹಾಕಿ ರುಚಿ ನೋಡಿ ಎಂದು ಕರೆದೆ. ಮೇಳ ಮುಗಿಯುವ ಮೊದಲೇ ಚೀಲಗಳು ಬರಿದಾದವು. ಮುಂದಿನ ಮೇಳಕ್ಕೂ ಬನ್ನಿ ಎಂದು ಅಲ್ಲಿಯವರೇ ಹೇಳಿ ಕಳಿಸಿದರು.

ಕಂಪನಿ ಮತ್ತೆ ಏಳಲಿಲ್ಲ. ಕೆಲವು ತಿಂಗಳು ಮನೆಯಲ್ಲೇ ಇದ್ದೆ. ಆಮೇಲೆ ಇನ್ನೊಂದು ಕಂಪನಿ ಸಾಂಬ್ರಾಕ್ಕೆ ಬಂತು. ಸಂದರ್ಶನದಲ್ಲಿ ಕುಳಿತಿದ್ದವರು ನನ್ನ ಅರ್ಜಿ ನೋಡಿ, "ಖಾಲಿ ವಿಮಾನ ತುಂಬಿಸಿ ಕಳಿಸಿದ್ದು ನೀವೇ ಅಲ್ಲವೇ?" ಎಂದರು. ನಮ್ಮ ಕ್ಯಾಪ್ಟನ್ ಈಗ ಅವರ ವಿಮಾನವನ್ನೇ ಹಾರಿಸುತ್ತಿದ್ದರಂತೆ.

ನನ್ನನ್ನು ಸಾಂಬ್ರಾದ ಮ್ಯಾನೇಜರ್ ಆಗಿ ತೆಗೆದುಕೊಂಡರು. ನಾನು ಮಾಡಿದ ಮೊದಲ ಕೆಲಸ ಜೊತೆಗಾರ್ತಿಗೆ ಫೋನು ಮಾಡಿದ್ದು. ಮತ್ತೆ ಕೌಂಟರಿಗೆ ಬಾ ಎಂದೆ. "ಎಂದಿನಿಂದ ಬರಲಿ?" ಅಂದಳು.