ಗಂಗವ್ವ ಗೆರೆ ದಾಟಿರಲಿಲ್ಲ

ಗಂಗವ್ವನ ಔಷಧದ ಬಾಟಲಿಯನ್ನು ಖಾಲಿ ಮಾಡಿದವನು ನಾನು. ಅವಳಲ್ಲ. ಇಳಕಲ್ಲಿನ ಆ ಓಣಿಯ ಹೆಂಗಸರು, ನಮ್ಮ ಡಾಕ್ಟರ್ ಸಾಹೇಬರು, ಕೊನೆಗೆ ಸ್ವತಃ ಗಂಗವ್ವ — ಒಬ್ಬಳ ಹೊರತು ಎಲ್ಲರೂ ನಂಬಿದ್ದು ಅವಳೇ ಅಷ್ಟನ್ನೂ ಕುಡಿದಳೆಂದು. ನಂಬಿಸಿದವನು ನಾನು. ಅದಕ್ಕೆ ಹೆಚ್ಚು ಮಾತೂ ಬೇಕಾಗಲಿಲ್ಲ. ಆಡಿದ ಆ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಮಾತ್ರ ಇಷ್ಟು ವರ್ಷವಾದರೂ ನನಗೆ ಬಾಯಿ ಬಂದಿಲ್ಲ.

ಹೇಗಾಯಿತೆಂದು ಹೇಳಬೇಕಾದರೆ ನಮ್ಮ ಅಮೀನಗಡದಿಂದ ಶುರು ಮಾಡಬೇಕು. ನಮ್ಮಪ್ಪನದು ಅಲ್ಲಿ ಕರದಂಟಿನ ಅಂಗಡಿ. ಅಪ್ಪನಿಗೊಂದು ಆಟವಿತ್ತು. ಕಾಯಂ ಬರುವ ಗಿರಾಕಿಗೆ ಒಂದು ದಿನ ಜಾಜಿಕಾಯಿ ಬಿಟ್ಟೋ, ಅಂಟು ಕಡಿಮೆ ಹಾಕಿಯೋ ಒಂದು ತುಂಡು ಕೊಡುವುದು. ಕೊಟ್ಟು ಅವನ ಮುಖ ನೋಡುತ್ತ ಕೂಡುವುದು. "ಗೊತ್ತಾಗತೈತೋ ಇಲ್ಲೋ ನೋಡೂಣು" ಎಂದು ನನ್ನ ಕಡೆ ತಿರುಗಿ ಕಣ್ಣು ಹೊಡೆಯುತ್ತಿದ್ದ. ಗಿರಾಕಿ ಹಿಡಿದುಬಿಟ್ಟರೆ ಇಬ್ಬರೂ ನಗುತ್ತಿದ್ದರು, ಅವನಿಗೆ ಒಳ್ಳೆಯ ತುಂಡು ಪುಕ್ಕಟೆ. ಆ ಆಟದಿಂದ ಯಾರಿಗೂ ಕೇಡಾಗಲಿಲ್ಲ. ನಾಲಿಗೆಗೆ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ಪರೀಕ್ಷಿಸುವ ಚಟ ಮಾತ್ರ ನನಗೆ ಅಂಟಿಕೊಂಡಿತು — ನಾನು ಅದನ್ನು ದವಾಖಾನೆಗೂ ತಂದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಇಳಕಲ್ಲಿನ ಒಬ್ಬ ವಯಸ್ಸಾದ ಡಾಕ್ಟರರ ಹತ್ತಿರ ನಾನು ಕಂಪೌಂಡರ್ ಆಗಿದ್ದೆ. ಆಗ ರೋಗಿಗಳು ಮನೆಯಿಂದಲೇ ಬಾಟಲಿ ತರುತ್ತಿದ್ದರು. ನಾನು ಒಳಗೆ ಮಿಕ್ಸ್ಚರ್ ಕೂಡಿಸಿ ತುಂಬಿ, ಕಾಗದವನ್ನು ಮಡಿಸಿ ಕತ್ತರಿಯಿಂದ ಹಲ್ಲು ಹಲ್ಲಾಗಿ ಕತ್ತರಿಸಿ, ಆ ಪಟ್ಟಿಯನ್ನು ಗೋಧಿಹಿಟ್ಟಿನ ಅಂಟಿನಿಂದ ಬಾಟಲಿಯ ಮೈಗೆ ಹಚ್ಚುತ್ತಿದ್ದೆ. ಒಂದು ಹಲ್ಲಿನಿಂದ ಇನ್ನೊಂದರವರೆಗೆ ಒಂದು ಹೊತ್ತಿನ ಔಷಧ. ಜನ ಅದಕ್ಕೆ ಗೆರಿ ಎನ್ನುತ್ತಿದ್ದರು. "ಗೆರಿ ದಾಟಬ್ಯಾಡ್ರಿ" ಎಂದು ಹೇಳಿಯೇ ಬಾಟಲಿ ಕೊಡುವುದು ನಮ್ಮ ಪದ್ಧತಿ.

ಊರ ಅಂಚಿನ ಒಂದು ಓಣಿಯಲ್ಲಿ ಮೈ ಮಾರಿಕೊಂಡು ಬದುಕುವ ಹೆಂಗಸರಿದ್ದರು. ಹಲವರು ಚಿಕ್ಕಂದಿನಲ್ಲೇ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದವರು. ಹಗಲೆಲ್ಲ ಮಗ್ಗದ ಸದ್ದು ಕೇಳುವ ಊರಿನಲ್ಲಿ ಆ ಓಣಿಯ ಹೆಸರನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಲ್ಲಿ ಕೆಮ್ಮಿನ ಔಷಧ ಕೆಮ್ಮಿಲ್ಲದೆಯೂ ಖರ್ಚಾಗುತ್ತಿತ್ತು. ಅದರಲ್ಲಿ ಅಫೀಮಿನ ಅಂಶವಿರುತ್ತಿತ್ತು. ಅಂಗಡಿಗಳಲ್ಲಿ ಚೀಟಿ ಇಲ್ಲದೆಯೂ ಸಿಗುತ್ತಿತ್ತು. ನಮ್ಮ ಸಾಹೇಬರು ಆ ಹೆಂಗಸರಿಗೆ ಮಧ್ಯಾಹ್ನದ ಹೊತ್ತು ಬಿಟ್ಟುಕೊಟ್ಟಿದ್ದರು. "ಹಿತ್ತಲ ಬಾಗಿಲ ಬ್ಯಾಡ, ಮುಂದಿನಿಂದ ಬರ್ರಿ. ಬ್ಯಾನಿ ಎಲ್ಲಾರಿಗೂ ಬರತೈತಿ" ಎನ್ನುತ್ತಿದ್ದರು. ಆದರೂ ಬಂದವರು ಕಡಿಮೆ. ಮೊದಲು ಬಂದವಳು ಗಂಗವ್ವ. ನನಗಿಂತ ಹತ್ತು ವರ್ಷ ಹಿರಿಯಳಿರಬಹುದು. ನನ್ನನ್ನು ತಮ್ಮಾ ಎಂದು ಕರೆಯುತ್ತಿದ್ದಳು. ನಾನು ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಅಕ್ಕ ಎಂದರೆ ಯಾರಾದರೂ ಕೇಳಿಸಿಕೊಂಡಾರು ಎಂಬ ಅಂಜಿಕೆ — ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಆ ಔಷಧ ಯಾಕೆ ಕುಡಿಯುತ್ತಾಳೆ ಎಂದು ಸಾಹೇಬರು ಕೇಳಿದಾಗ ಅವಳು ತಲೆ ತಗ್ಗಿಸಲಿಲ್ಲ. "ಅದನ್ನ ಕುಡದ್ರ ಮೈ ನಂದಲ್ಲ ಅನಸತೈತ್ರಿ. ಅದಕ್ಕ ಕುಡೀತೇನ್ರಿ" ಎಂದಳು. ಮತ್ತೆ ತಾನೇ, "ಈಗೀಗ ಅದಿಲ್ದ ಏಳಾಕ ಆಗವಲ್ತು. ಬಿಡಸ್ರಿ ಸಾಹೇಬ್ರ" ಎಂದಳು.

ಸಾಹೇಬರು ಯೋಚಿಸಿ ಒಂದು ದಾರಿ ಹೇಳಿದರು. ಅಂಗಡಿಯದನ್ನು ಮುಟ್ಟಬಾರದು, ನಮ್ಮಲ್ಲೇ ಬಾಟಲಿ ತುಂಬಿಸಿಕೊಳ್ಳಬೇಕು. ನಾವು ವಾರವಾರವೂ ಅಫೀಮಿನ ಅಂಶವನ್ನು ಚೂರು ಚೂರೇ ಇಳಿಸುತ್ತ ಹೋಗುತ್ತೇವೆ. ಬಣ್ಣಕ್ಕೆ ಸುಟ್ಟ ಬೆಲ್ಲ, ಕಹಿಗೆ ನೆಲಬೇವು. ಎಷ್ಟು ಇಳಿಸಿದೆವೆಂದು ಹೇಳಬೇಕೇ ಎಂದು ಕೇಳಿದರು. "ಹೇಳಬ್ಯಾಡ್ರಿ. ಗೊತ್ತಾದ್ರ ಅಂಜತೇನಿ. ಪೂರಾ ಹೋದ ದಿನ ಹೇಳ್ರಿ, ಸಾಕು" ಎಂದಳು ಗಂಗವ್ವ. ಕಣ್ಣು ಮುಚ್ಚಿ ತನ್ನನ್ನು ನಮ್ಮ ಕೈಗೆ — ನನ್ನ ಕೈಗೆ, ಕೂಡಿಸುವವನು ನಾನಲ್ಲವೇ — ಒಪ್ಪಿಸಿದಳು.

ಮೊದಮೊದಲು ಅವಳಿಗೆ ತುಂಬ ಕಷ್ಟವಾಯಿತು. ಮೈಕೈ ನೋವು, ಬೆವರು, ನಿದ್ದೆಯಿಲ್ಲ. ಆದರೂ ವಾರಕ್ಕೊಮ್ಮೆ ತಪ್ಪದೆ ಬಂದಳು. ಬರಬರುತ್ತ ಮುಖದಲ್ಲಿ ಕಳೆ ಬಂತು. ಅವಳನ್ನು ನೋಡಿ ಓಣಿಯ ಬೇರೆ ಹೆಂಗಸರೂ ಒಬ್ಬೊಬ್ಬರಾಗಿ ಮಧ್ಯಾಹ್ನ ಬರತೊಡಗಿದರು — ಯಾರಿಗೂ ತೋರಿಸದೆ ಮುಚ್ಚಿಟ್ಟುಕೊಂಡಿದ್ದ ಹುಣ್ಣು, ಬಿಳಿ ಹೋಗುವುದು, ಬಸಿರಿನ ತೊಂದರೆ, ಎಲ್ಲ ಹೇಳತೊಡಗಿದರು. ಗಂಗವ್ವ ಪೂರಾ ಬಿಟ್ಟರೆ ತಾವೂ ಬಿಡುತ್ತೇವೆ ಎಂದು ಅವರಲ್ಲಿ ಕೆಲವರು ಸಾಹೇಬರಿಗೆ ಹೇಳಿದ್ದರು. ಇಡೀ ಓಣಿಯ ಕಣ್ಣು ಅವಳ ಬಾಟಲಿಯ ಮೇಲಿತ್ತು.

ಔಷಧ ಬಹುಪಾಲು ಬರೀ ಬೆಲ್ಲದ ನೀರು ಎನ್ನುವಷ್ಟಕ್ಕೆ ಇಳಿದಿದ್ದಾಗ ಒಂದು ದಿನ ಗಂಗವ್ವ ಹೇಳಿದಳು: "ತಮ್ಮಾ, ಈ ಸಲದ್ದು ಭಾಳ ಛಲೋ ಕೂಡಿಸಿ ನೋಡು. ಒಂದ ಗೆರಿ ಕುಡದ್ರ ಎದಿ ತಣ್ಣಗಾಗಿ ನಿದ್ದಿ ಹತ್ತತೈತಿ."

ನಾನು ಬೆರಗಾದೆ. ನೆಲಬೇವಿನಿಂದ ನಿದ್ದೆ ಬರುವುದುಂಟೇ? ಹಾಗಾದರೆ ಆ ನಿದ್ದೆ ಎಲ್ಲಿಂದ ಬಂತು? ಬಾಟಲಿಯಿಂದಲೋ, ಗೆರೆಯಿಂದಲೋ, ನನ್ನ ಕೈಯ ಮೇಲಿನ ನಂಬಿಕೆಯಿಂದಲೋ? ಊಟಕ್ಕೆ ಕೂತರೂ ಅದೇ ಯೋಚನೆ. ಮೊದಲಿನ ಔಷಧವೂ ಹೀಗೆಯೇ ಇದ್ದಿರಬಹುದೇ? ಅವಳಿಗೆ ಎರಡರ ನಡುವಿನ ಭೇದ ತಿಳಿದೀತೇ? ಈ ಪ್ರಶ್ನೆ ಕೆಟ್ಟದೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಕೇಳಿದ ರೀತಿ —

ಸಾಹೇಬರು ಮಗಳ ನಿಶ್ಚಯಕ್ಕೆಂದು ಬಾಗಲಕೋಟೆಗೆ ಹೊರಟರು. "ಮಲ್ಲಪ್ಪ, ಮುಂದಿನ ಬಾಟ್ಲಿ ಬರೇ ಬೆಲ್ಲ, ನೆಲಬೇವು. ನಾ ಬಂದ ಮ್ಯಾಲ ಆಕಿಗೆ ಹೇಳೂಣು, ಎಲ್ಲಾ ಹೋತವ್ವ ಅಂತ" ಎಂದರು. ಅವರ ಮುಖದಲ್ಲಿ ಹಬ್ಬದ ಕಳೆ ಇತ್ತು. ಗಂಗವ್ವ ಬಂದು ಬಾಟಲಿ ಕೊಟ್ಟಳು. ನಾನು ಒಳಗೆ ಹೋದೆ. ಗೊತ್ತಾಗುತ್ತದೋ ಇಲ್ಲವೋ ನೋಡೋಣ ಎಂದು ಮೊದಲ ವಾರ ಕೊಟ್ಟಿದ್ದಷ್ಟೇ ಗಟ್ಟಿಯಾಗಿ ಅಫೀಮಿನ ಔಷಧ ಕೂಡಿಸಿದೆ. ಬಣ್ಣ ಅದೇ. ಕಹಿ ಅದೇ. ಪಟ್ಟಿ ಹಚ್ಚಿ, "ಗೆರಿ ದಾಟಬ್ಯಾಡ್ರಿ" ಎಂದು ಕೈಗೆ ಕೊಟ್ಟೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಹಾಗೆ.

ಮೈಗೆ ರೂಢಿ ತಪ್ಪಿದ ಮೇಲೆ ಹಳೆಯ ಪ್ರಮಾಣವೇ ವಿಷವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದು ಸಮಜಾಯಿಷಿಯಲ್ಲ. ಗೊತ್ತಿಲ್ಲದ್ದನ್ನು ಅವಳ ಹೊಟ್ಟೆಯಲ್ಲಿ ಹಾಕಿ ನೋಡಿದೆ.

ಮರುದಿನ ಬೆಳಿಗ್ಗೆ ಅವಳನ್ನು ಹೊರಸಿನ ಮೇಲೆ ಹೊತ್ತು ತಂದರು. ತುಟಿ ನೀಲಿಗಟ್ಟಿತ್ತು, ಉಸಿರು ಬಹಳ ಹೊತ್ತಿಗೊಮ್ಮೆ ಆಡುತ್ತಿತ್ತು. ಅವಳ ಪಕ್ಕದ ಮನೆಯ ಕಾಸವ್ವ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದು ನನ್ನ ಕೈಗಿಟ್ಟು, "ಏನ ಕೊಟ್ಟಿರಿ ನೋಡ್ರಿ ಇದರಾಗ" ಎಂದಳು. ನಾನು ಬೆಳಕಿಗೆ ಹಿಡಿದು ನೋಡಿದೆ. ಔಷಧ ಒಂದೇ ಗೆರೆ ಇಳಿದಿತ್ತು. ಗಂಗವ್ವ ಹೇಳಿದಷ್ಟೇ ಕುಡಿದಿದ್ದಳು.

ಆಗಲೇ ಹೊರಗೆ ಜಟಕಾ ನಿಂತ ಸದ್ದು — ಸಾಹೇಬರು ಬಸ್ ಸ್ಟ್ಯಾಂಡಿನಿಂದ ನೆಟ್ಟಗೆ ಬಂದಿದ್ದರು. ನಾನು ಒಳಗೆ ಹೋಗಿ ಬಾಟಲಿಯನ್ನು ಮೋರಿಗೆ ಸುರುವಿದೆ. ಖಾಲಿ ಬಾಟಲಿಯನ್ನು ತಂದು ಮೇಜಿನ ಮೇಲಿಟ್ಟೆ. ಸಾಹೇಬರು ಅವಳ ಕಣ್ಣರೆಪ್ಪೆ ಎತ್ತಿ ನೋಡಿ, ಸೂಜಿ ಚುಚ್ಚಿ, ಎಬ್ಬಿಸಿ ಕೂಡಿಸಿ, ಮಧ್ಯಾಹ್ನದವರೆಗೆ ಕಾದಾಡಿ ಉಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಬಾಟ್ಲಿ ಎಲ್ಲೈತಿ?" ಎಂದರು. ತೋರಿಸಿದೆ.

"ಖಾಲಿನ ಬಂತ್ರಿ" ಎಂದೆ.

ಇದೇ ಆ ಮಾತು. ಕಾಸವ್ವ, "ಇಲ್ರಿ, ಅದರಾಗ ಇನ್ನೂ ಇತ್ತಲ್ರಿ" ಎಂದಳು. ಯಾರೂ ಅವಳ ಕಡೆ ನೋಡಲಿಲ್ಲ. ಆ ಓಣಿಯವಳ ಮಾತಿಗಿಂತ ಕಂಪೌಂಡರನ ಮಾತಿಗೆ ತೂಕವಿದೆ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೇ ಆಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಅದನ್ನೂ ಮಾಡಲಿಲ್ಲ.

ಸಾಹೇಬರಿಗೆ ತಮ್ಮ ಔಷಧದ ಮೇಲೂ ನನ್ನ ಮೇಲೂ ಪೂರಾ ನಂಬಿಕೆ. ಅಂಗಡಿಯದನ್ನು ತಂದು ಇದರ ಜೊತೆ ಕೂಡಿಸಿ ಅಷ್ಟನ್ನೂ ಒಮ್ಮೆಲೇ ಕುಡಿದಿರಬೇಕೆಂದು ಅವರು ತಿಳಿದರು. "ಗೆರಿ ದಾಟಿದೆಲ್ಲವಾ ಗಂಗವ್ವ" ಎಂದರು. ಸಿಟ್ಟಿರಲಿಲ್ಲ, ಸೋತ ದನಿ. ಅವಳು ಇನ್ನೂ ಅರೆ ಮಂಪರಿನಲ್ಲಿದ್ದಳು. ಖಾಲಿ ಬಾಟಲಿಯನ್ನು ನೋಡಿದಳು, ನನ್ನನ್ನು ನೋಡಿದಳು. "ನಾ ಒಂದ ಗೆರಿ ಕುಡದಂಗ ನೆನಪ್ರಿ…" ಎಂದು ಶುರು ಮಾಡಿ, ನಾನು ಸುಮ್ಮನಿದ್ದುದನ್ನು ಕಂಡು, "ದಾಟಿರಬೇಕ್ರಿ ಹಂಗಾರ" ಎಂದಳು.

ಕಾಸವ್ವ ಮತ್ತೆ ದವಾಖಾನೆಗೆ ಕಾಲಿಡಲಿಲ್ಲ. ಗಂಗವ್ವನಿಂದಲೇ ಆಗಲಿಲ್ಲ, ನಮ್ಮಿಂದ ಆದೀತೇ ಎಂದು ಓಣಿಯ ಉಳಿದವರೂ ಬರುವುದನ್ನು ನಿಲ್ಲಿಸಿದರು. ಅರ್ಧಕ್ಕೆ ಬಿಟ್ಟ ಔಷಧ, ಅರ್ಧ ವಾಸಿಯಾದ ಹುಣ್ಣು — ಯಾರಿಗೆ ಏನಾಯಿತೆಂದು ನಾನು ವಿಚಾರಿಸಲಿಲ್ಲ. ಎಲ್ಲದರಲ್ಲೂ ಮೂಗು ತೂರಿಸುವ ನನಗೆ ಅದೊಂದು ಮಾತ್ರ ತಿಳಿದುಕೊಳ್ಳುವುದು ಬೇಡವಾಯಿತು. ಮುಂದೆ ಸಾಹೇಬರು ತೀರಿಕೊಂಡರು. ನಾನು ಅಮೀನಗಡಕ್ಕೆ ಬಂದು ಔಷಧದ ಅಂಗಡಿ ಇಟ್ಟೆ. ಆಟವನ್ನು ಬಿಟ್ಟೆ; ಹೇಳುವುದನ್ನೂ ಬಿಟ್ಟೆ.

ಹೋದ ತಿಂಗಳು ಹುನಗುಂದದಲ್ಲಿ ಹೆಂಗಸರ ಆರೋಗ್ಯ ಶಿಬಿರವಿತ್ತು. ಔಷಧ ಹಂಚಲು ನನ್ನನ್ನು ಕರೆದಿದ್ದರು. ಅಲ್ಲಿ ಗಂಗವ್ವ ಇದ್ದಳು. ಕೂದಲು ಬೆಳ್ಳಗಾಗಿತ್ತು. ಎಷ್ಟೋ ಕಷ್ಟಪಟ್ಟು, ಯಾರ ಆಸರೆಯೂ ಇಲ್ಲದೆ, ಅವಳು ಆ ಚಟವನ್ನು ಪೂರಾ ಬಿಟ್ಟಿದ್ದಳು. ಈಗ ಓಣಿಯ ಹುಡುಗಿಯರನ್ನು ತಾನೇ ಕರೆತಂದು ಡಾಕ್ಟರಿಗೆ ತೋರಿಸುತ್ತಾಳೆ. ಅವರನ್ನು ಕೂಡಿಸಿಕೊಂಡು ಹೇಳುತ್ತಿದ್ದಳು: "ನಾ ಬಿಟ್ಟಾಕಿ ಮತ್ತ ಗೆರಿ ದಾಟಿ ಸತ್ತು ಬದುಕಿದಾಕಿ ಅದೇನಿ. ನಿಮ್ಮ ಮನಸನ್ನ ನೀವ ನಂಬಬ್ಯಾಡ್ರಿ." ಹುಡುಗಿಯರು ತಲೆಯಾಡಿಸುತ್ತಿದ್ದರು. ನನ್ನ ಸುಳ್ಳು ಅವಳ ಬಾಯಲ್ಲಿ ಬುದ್ಧಿಮಾತಾಗಿತ್ತು.

ಅವಳಿಗೆ ಜ್ವರವಿತ್ತು. ಬಾಟಲಿಯ ಔಷಧ ಕೊಟ್ಟೆ. ತೆಗೆದುಕೊಳ್ಳಲಿಲ್ಲ. ಅಳತೆಯ ಮುಚ್ಚಳವನ್ನು ನನ್ನ ಕಡೆಗೇ ಸರಿಸಿ ನಕ್ಕಳು. "ನೀನ ಹಾಕಿ ಕೊಡು ತಮ್ಮಾ. ಅವತ್ತಿನಿಂದ ಔಷಧ ನಾ ಸ್ವಂತ ಹಾಕ್ಕೊಳ್ಳಂಗಿಲ್ಲ. ಮನ್ಯಾಗ ಕಾಸವ್ವ ಹಾಕ್ತಾಳ. ಬಾಟ್ಲ್ಯಾಗ ಔಷಧ ಇತ್ತು ಅಂತ ಆಕಿ ಇನ್ನೂ ಅಂತಾಳ, ತಮ್ಮ ಯಾಕ ಸುಳ್ಳ ಹೇಳ್ತಾನ ಅಂತೇನಿ ನಾ. ನನ್ನ ಕೈ ಮ್ಯಾಲ ನನಗ ನಂಬಿಗಿ ಇಲ್ಲ, ನಿನ್ನ ಕೈ ಮ್ಯಾಲ ಐತಿ."

ನಾನು ಹಾಕಿಕೊಟ್ಟೆ. ಅವಳು ಕುಡಿದಳು.

ಇದನ್ನು ಬರೆದದ್ದು ಹೇಳುವ ಮಾತು ರೂಢಿಯಾಗಲೆಂದು. ನಾಳೆ ಇಳಕಲ್ಲಿಗೆ ಹೋಗುತ್ತೇನೆ. ಹಗಲು ಹೊತ್ತಿನಲ್ಲಿ, ಓಣಿಯ ಮುಂದಿನಿಂದಲೇ ಹೋಗಿ, ನಾಲ್ಕು ಮಂದಿಗೆ ಕೇಳುವಂತೆ ಕರೆಯುತ್ತೇನೆ. ಕಾಸವ್ವನೂ ಇರಲಿ; ಖರೆ ಹೇಳಿದವಳು ಅವಳೊಬ್ಬಳೇ. ಕ್ಷಮಿಸು ಎಂದು ಕೇಳುವುದಿಲ್ಲ. ಬೈದರೆ ಬೈಯಲಿ, ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಲಿ. ಅವಳ ಕೈಯನ್ನು ಅವಳಿಗೆ ಹಿಂದಕ್ಕೆ ಕೊಟ್ಟು ಬರಬೇಕು, ಅಷ್ಟೇ.

ಗಂಗಕ್ಕಾ, ಆ ಬಾಟ್ಲಿ ಒಂದ ಗೆರಿ ಇಳದಿತ್ತು. ಅದರಾಗ ಅಫೀಮ ಕೂಡಿಸಿದಾಂವ ನಾ, ಉಳದದ್ದು ಚೆಲ್ಲಿದಾಂವ ನಾ.